ಕೆಳಗಿನಿಂದ ಓದುವ ನಾಗೇಂದ್ರ ಅಂಕಲ್

ನಾಗೇಂದ್ರ ಅಂಕಲ್ ಏನನ್ನೇ ಆಗಲಿ ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಅಕ್ಕಿ ಚೀಲ, ಔಷಧಿ ಬಾಟಲಿ, ಗೃಹಪ್ರವೇಶದ ಆಹ್ವಾನ ಪತ್ರಿಕೆ, ಕೌನ್ಸಿಲ್‌ನವರು ಅಂಚೆ ಡಬ್ಬಕ್ಕೆ ಹಾಕಿಹೋದ ಕಸದ ಬಿನ್ನಿನ ಚೀಟಿ, ಎಲ್ಲಕ್ಕೂ ಒಂದೇ ನ್ಯಾಯ. ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ತಂದುಕೊಂಡು, ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ಸಣ್ಣ ಅಕ್ಷರದ ಸಾಲನ್ನು ಮೊದಲು ಹಿಡಿಯುತ್ತಿದ್ದರು. ಅಲ್ಲಿಂದ ನಿಧಾನವಾಗಿ ಮೇಲಕ್ಕೆ ಹತ್ತುವುದು. ಯಾಕೆ ಅಂಕಲ್ ಹೀಗೆ ಎಂದು ಕೇಳಿದರೆ ಸಿದ್ಧವಾದ ಉತ್ತರವಿತ್ತು.

"ಮೇಲಿರೋದೆಲ್ಲ ಬನ್ನಿ ಬನ್ನಿ ಅನ್ನೋದಮ್ಮ. ಬಂದ್ಮೇಲೆ ಏನ್ ಮಾಡ್ತಾರೆ ಅನ್ನೋದು ಕೆಳಗಡೆ ಇರತ್ತೆ."

ಅವರು ಮೈಸೂರಿನ ಟೆಲಿಫೋನ್ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಆಸ್ಟ್ರೇಲಿಯಾದ ಪರ್ತ್‌ನ ಪಿಯಾರಾ ವಾಟರ್ಸ್ ಬಡಾವಣೆಯಲ್ಲಿದ್ದ ಮಗಳು ಮಾಲಿನಿಯ ಮನೆಗೆ ಬಂದರು. ಮಾಲಿನಿ ಡಾಕ್ಟರ್. ನಮ್ಮ ಮನೆ ಅದರ ಪಕ್ಕದ ಬಡಾವಣೆ ಸದರ್ನ್ ರಿವರ್‌ನಲ್ಲಿ. ಯುಗಾದಿ ಊಟಕ್ಕೆಂದು ಮಾಲಿನಿ ಅವರನ್ನು ಮೊದಲ ಸಲ ಕರೆತಂದಾಗ ನಾನು ಮಗ್ಗಿನಲ್ಲಿ ಕಾಫಿ ಕೊಟ್ಟೆ. ಅವರು ಕುಡಿಯುವ ಮೊದಲು ಮಗ್ಗನ್ನು ತಲೆಯ ಮಟ್ಟಕ್ಕೆ ಎತ್ತಿ ಅದರ ತಳ ನೋಡಿದರು. ನನಗೆ ಸಿಟ್ಟು ಬಂತು. ಸರಿಯಾಗಿ ತೊಳೆದಿಲ್ಲ ಎಂದುಕೊಂಡರೇನೋ!

"ತಪ್ಪು ತಿಳ್ಕೋಬೇಡಮ್ಮ. ಹೊರಗಡೆ 'ಪರ್ತ್‌ಗೆ ಸ್ವಾಗತ' ಅಂತ ಬರ್ದಿದೆ. ತಳದಲ್ಲಿ ಬೇರೆ ದೇಶದ ಹೆಸರಿದೆ. ನೋಡಿದ್ಯಾ?"

ನೋಡಿರಲಿಲ್ಲ. ಆ ಮಗ್ಗು ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿತ್ತು. ಒಬ್ಬ ಮುದುಕ ಬಂದು ಮೊದಲ ದಿನವೇ ನನ್ನ ಮಗ್ಗಿನ ಗುಟ್ಟು ಹೇಳಿದ್ದು ನನಗೆ ಹಿಡಿಸಲಿಲ್ಲ. ಏಕೆಂದರೆ ಅನುಮಾನದ ವಿಷಯದಲ್ಲಿ ನಾನೂ ಕಡಿಮೆಯವಳಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ಒಂದು ಸಲ ಬಂದ ಫಲಿತಾಂಶವನ್ನು ಸುಮ್ಮನೆ ನಂಬದೇ ಇರುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಹೀಗೆ ಇಬ್ಬರು ಅನುಮಾನದವರು ಪರಿಚಯವಾದೆವು. ಅದನ್ನು ಸ್ನೇಹ ಎನ್ನುವುದು ಕಷ್ಟ. ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡು ಇದ್ದೆವು ಎನ್ನಬಹುದು.

ಪರ್ತ್ ಸಿಟಿಯಲ್ಲಿ ಓಡಾಡುವ ಪುಕ್ಕಟೆ ಬಸ್ಸುಗಳಲ್ಲಿ ಅಂಕಲ್ ಹತ್ತುತ್ತಿದ್ದರು, ಆದರೆ ಕೂರುತ್ತಿರಲಿಲ್ಲ. ಬಾಗಿಲ ಪಕ್ಕದ ಕಂಬ ಹಿಡಿದು ನಿಂತೇ ಇರುತ್ತಿದ್ದರು. "ಕೂತ್ಮೇಲೆ ದುಡ್ಡು ಕೇಳಿದ್ರೆ?" ಎನ್ನುವುದು ಅವರ ವಾದ. ಪಾರ್ಕಿನಲ್ಲಿ ಗುಂಡಿ ಒತ್ತಿದರೆ ಕಾಯುವ ಬಾರ್ಬಿ ಒಲೆಗಳಿವೆಯಲ್ಲ, ಅವುಗಳ ಮೇಲೆ ನಮ್ಮ ಬಳಗದವರು ಫಾಯಿಲ್ ಹಾಸಿ ಜೋಳ, ಪನೀರು ಸುಡುತ್ತಿದ್ದೆವು. ಅಂಕಲ್ ಒಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು.

"ಕರೆಂಟ್ ಬಿಲ್ ಯಾರು ಕಟ್ತಾರೆ?"

"ಕೌನ್ಸಿಲ್‌ನವರು ಅಂಕಲ್. ಬಾರ್ಬಿ ಇಲ್ಲಿ ಎಲ್ಲರಿಗೂ ಫ್ರೀ."

"ಕೌನ್ಸಿಲ್‌ಗೆ ಯಾರು ಕಟ್ತಾರೆ?"

"ನಾವೇ."

"ಮತ್ತೆ ಫ್ರೀ ಅಂತ ಯಾಕಂದೆ?"

ಆ ದಿನ ಜೋಳದ ತೆನೆ ಕಚ್ಚುತ್ತಾ ಅವರು ತಮ್ಮ ಅನುಮಾನದ ಮೂಲವನ್ನೂ ಹೇಳಿದರು. ಮಾಲಿನಿ ಪಿಯುಸಿ ಮುಗಿಸಿದಾಗ ಮೆಡಿಕಲ್ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಒಂದು ಖಾಸಗಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೀಟು ಹಿಡಿದಿದ್ದರಂತೆ. ಕಾಲೇಜಿನವರು ನಗುನಗುತ್ತಾ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನು ಇಸಿದುಕೊಂಡರು. ಆಮೇಲೆ ಮೆಡಿಕಲ್ ಸೀಟು ಬಂತು. ಒರಿಜಿನಲ್ಸ್ ಮಾತ್ರ ವಾಪಸ್ ಬರಲಿಲ್ಲ. ಅಂಕಲ್ ದಿನಾ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು ಹೋಗಿ ಆ ಕಾಲೇಜಿನ ಆಫೀಸಿನ ಮುಂದೆ ಬೆಂಚಿನ ಮೇಲೆ ಕೂತರು. ಕೊನೆಗೆ ಇವರ ಮುಖ ನೋಡಿ ನೋಡಿ ಬೇಸತ್ತು ಪ್ರಿನ್ಸಿಪಾಲರು ಕೊಟ್ಟು ಕಳಿಸಿದರು. ಮಾಲಿನಿ ಮೆಡಿಕಲ್‌ಗೆ ಸೇರಿದ್ದು ಕೊನೆಯ ದಿನ.

"ಬೇಗ ಕೊಡ್ತೀನಿ ಅನ್ನೋನು ಬೇಗ ಕಟ್ಟಿಹಾಕ್ತಾನಮ್ಮ," ಎಂದು ಮಾತು ಮುಗಿಸಿದರು.

ಇದು ಅವರೊಬ್ಬರ ಕಥೆಯಲ್ಲ. ಅಲ್ಲಿ ಓದಿ ಬಂದ ನಮ್ಮೆಲ್ಲರ ತಲೆಯಲ್ಲೂ ಸೀಟು ಎಂದರೆ ಹಾಗೆಯೇ. ಒಂದು ಕಡೆ ಸೀಟು ತೆಗೆದುಕೊಂಡರೆ ಒರಿಜಿನಲ್ಸ್ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಬೇರೆ ಬಾಗಿಲುಗಳೆಲ್ಲ ಮುಚ್ಚಿದವು. ನನ್ನ ಮಗಳು ನಿಧಿಯ ವಿಷಯದಲ್ಲಿ ನಾನು ಲೆಕ್ಕ ಹಾಕಿದ್ದೂ ಇದೇ ಸೂತ್ರದ ಮೇಲೆ.

ಗಣಿ ಕಂಪನಿಗಳಲ್ಲಿ ಜನರನ್ನು ಕೆಲಸದಿಂದ ತೆಗೆಯುತ್ತಿದ್ದ ಕಾಲ. ನಮ್ಮನೆಯವರು ಸಿಟಿಯ ಅಂಥದೇ ಒಂದು ಆಫೀಸಿನಲ್ಲಿದ್ದರು. ಮನೆಯಲ್ಲಿ ಒಳ್ಳೆಯ ಸುದ್ದಿಗೆ ಬರ ಬಂದಿತ್ತು. ನಿಧಿ ಹನ್ನೆರಡನೇ ತರಗತಿ. ಕೊನೆಯ ಪರೀಕ್ಷೆಗೆ ಇನ್ನೂ ಎರಡು ತಿಂಗಳಿರುವಾಗಲೇ ಪರ್ತ್‌ನ ಒಂದು ಯೂನಿವರ್ಸಿಟಿಯಿಂದ ಅವಳಿಗೆ ಅರ್ಲಿ ಆಫರ್ ಬಂತು. ಹಿಂದಿನ ವರ್ಷದ ಅಂಕ ಮತ್ತು ಶಾಲೆಯ ಶಿಫಾರಸು ನೋಡಿ ಫಿಸಿಯೋಥೆರಪಿ ಸೀಟು ಕೊಟ್ಟಿದ್ದರು. ನಾನು ಕೇಸರಿಬಾತ್ ಮಾಡಿದೆ. ನಿಧಿ ಎರಡು ಚಮಚ ತಿಂದು ತಟ್ಟೆ ಸರಿಸಿದಳು. ಅವಳಿಗೆ ಬೇಕಿದ್ದದ್ದು ಅಡಿಲೇಡ್‌ನಲ್ಲಿ ಅದೇ ಕೋರ್ಸು.

ಅದೇ ಕೋರ್ಸು ಮನೆಯ ಹತ್ತಿರ ಸಿಕ್ಕಿರುವಾಗ ಎರಡು ಸಾವಿರ ಕಿಲೋಮೀಟರು ದೂರದ ಬೇರೆ ರಾಜ್ಯಕ್ಕೆ ಯಾಕೆ? ನನ್ನ ಅನುಮಾನ ಎದ್ದು ಕೂತಿತು.

"ಅಡಿಲೇಡ್‌ನಲ್ಲಿ ಯಾರಿದ್ದಾರೆ?" ಎಂದು ಕೇಳಿದೆ.

"ನೋ ವನ್, ಅಮ್ಮಾ. ದಟ್ಸ್ ದ ಪಾಯಿಂಟ್."

ಆ ಉತ್ತರ ನನ್ನನ್ನು ಚುಚ್ಚಿತು. ಒಬ್ಬಳೇ ಮಗಳು. ಅವಳು ನನ್ನ ಕಣ್ಣಳತೆಯಲ್ಲಿ ಇರಬೇಕು ಎಂದು ನಾನು ಬಯಸಿದ್ದರಲ್ಲಿ ತಪ್ಪೇನು ಎಂದು ಈಗಲೂ ಕೇಳುತ್ತೇನೆ. ಅವಳಿಗೆ ಗಂಭೀರವಾಗಿ ಹೇಳಿದೆ: "ಅರ್ಲಿ ಆಫರ್ ಒಪ್ಪಿಕೊಂಡ್ರೆ ಬೇರೆ ಕಡೆ ಅಪ್ಲೈ ಮಾಡೋ ಹಾಗಿಲ್ಲ. ಅದು ರೂಲು."

"ವೇರ್ ಡಸ್ ಇಟ್ ಸೇ ದಟ್?"

ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಹುಡುಕಿಕೊಡುವವರು ಗೊತ್ತಿದ್ದರು. ಮಗ್ಗಿನ ತಳದಲ್ಲೂ ಮೋಸ ಕಾಣುವ ಮನುಷ್ಯನಿಗೆ ಇದರಲ್ಲಿ ಒಂದು ಬೀಗ ಸಿಗದೇ ಇರುತ್ತದೆಯೇ? ಅಂಕಲ್‌ಗೆ ಫೋನ್ ಮಾಡಿದೆ.

ಭಾನುವಾರ ಬೆಳಿಗ್ಗೆ ಬಿಸಿಲಿಗೆ ಕೊಡೆ ಹಿಡಿದು ನಡೆದೇ ಬಂದರು. ಅವರ ಮುಂದೆ ಪ್ರಿಂಟ್ ಮಾಡಿದ ಆಫರ್ ಇಟ್ಟೆ, ಪಕ್ಕದಲ್ಲಿ ಹೊಸದಾಗಿ ಮಾಡಿದ ಕೇಸರಿಬಾತ್. ಕೊನೆಯ ಹಾಳೆಯ ಕೊನೆಯ ಸಾಲಿನಿಂದ ಶುರುವಾಯಿತು.

"ಒರಿಜಿನಲ್ಸ್ ಯಾವತ್ತು ಕೊಡ್ಬೇಕು ಪುಟ್ಟಾ?"

"ದೇ ಡೋಂಟ್ ವಾಂಟ್ ದೆಮ್, ತಾತ."

ಅಂಕಲ್ ಚಮಚ ಕೆಳಗಿಟ್ಟರು. "ಒರಿಜಿನಲ್ಸ್ ಬೇಡ್ವಾ? ಹಾಗಾದ್ರೆ ಏನನ್ನ ಇಟ್ಕೋತಾರೆ?"

ಅವರ ಮುಖ ನೋಡಿ ನನಗೆ ಧೈರ್ಯ ಬಂತು. ಇನ್ನೂ ಎರಡು ಹಾಳೆ ಮೇಲಕ್ಕೆ ಹತ್ತಿದ ಮೇಲೆ ಅವರ ಬೆರಳು ಒಂದು ಕಡೆ ನಿಂತಿತು. ಅರ್ಜಿಗಳು ಮುಗಿಯುವ ದಿನದವರೆಗೆ ಈ ಕೋರ್ಸನ್ನು ಈ ರಾಜ್ಯದ ಆದ್ಯತೆಯ ಪಟ್ಟಿಯಲ್ಲಿ, ಅಂದರೆ ವಿದ್ಯಾರ್ಥಿ ತನಗೆ ಬೇಕಾದ ಕೋರ್ಸುಗಳನ್ನು ಕ್ರಮವಾಗಿ ಬರೆದುಕೊಡುವ ಪಟ್ಟಿಯಲ್ಲಿ, ಮೊದಲನೆಯದಾಗಿ ಇಟ್ಟಿರಬೇಕು, ಇಲ್ಲದಿದ್ದರೆ ಆಫರ್ ಇಲ್ಲ.

"ನೋಡು, ನಾನು ಹೇಳಿರ್ಲಿಲ್ವಾ!" ಎಂದು ನಿಧಿಯ ಕಡೆ ತಿರುಗಿದೆ.

ಅಂಕಲ್ ಕೈ ಎತ್ತಿದರು. "ತಡಿಯಮ್ಮ. 'ಈ ರಾಜ್ಯದ ಪಟ್ಟಿ' ಅಂತಿದೆ. ಇದು ಸೀಟು ಕಾಯ್ದಿರಿಸೋದಲ್ಲ, ಹುಡುಗೀನ ಕಾಯ್ದಿರಿಸೋದು, ಅದು ಸರಿ. ಆದ್ರೆ ಈ ರಾಜ್ಯದೊಳಗೆ ಮಾತ್ರ. ಬೇರೆ ರಾಜ್ಯದ ಪಟ್ಟಿ ಬಗ್ಗೆ ಏನೂ ಹೇಳಿಲ್ಲ. ಏನೂ ಹೇಳ್ದೇ ಇದ್ರೆ ಅದು ಇನ್ನೂ ಅನುಮಾನ. ಒಂದು ವಾರ ಕೊಡು ನಂಗೆ."

ಅವರಿಗೊಂದು ಪದ್ಧತಿಯಿತ್ತು. ಯಾವ ಮಾತನ್ನೂ ಒಬ್ಬರಿಂದ ಕೇಳಿ ನಂಬುತ್ತಿರಲಿಲ್ಲ. ಒಂದೇ ಪ್ರಶ್ನೆಯನ್ನು ಮೂರು ಕಡೆ, ಮೂರು ರೀತಿಯಲ್ಲಿ ಕೇಳಬೇಕು. ಇಲಾಖೆಯಲ್ಲಿ ಕೆಟ್ಟ ಲೈನು ಹುಡುಕುವಾಗ ಕಲಿತದ್ದಂತೆ. ಆ ವಾರ ಅವರು ಪರ್ತ್‌ಗೆ, ಅಡಿಲೇಡ್‌ಗೆ, ಬ್ರಿಸ್ಬೇನ್‌ಗೆ ಫೋನ್ ಮಾಡಿದರು. ಬ್ರಿಸ್ಬೇನ್ ಯಾಕೆ, ನಮಗೇನೂ ಬೇಡವಲ್ಲ ಎಂದರೆ "ಮೂರನೇ ಸಾಕ್ಷಿ" ಎಂದರು. ದಿನಾ ಸಂಜೆ ನನಗೆ ವರದಿ ಒಪ್ಪಿಸುವುದು.

"ಬ್ರಿಸ್ಬೇನ್ ನಮಗಿಂತ ಎರಡು ಗಂಟೆ ಮುಂದೆ, ಒಪ್ಕೊಂಡೆ. ಅಡಿಲೇಡ್ ಒಂದೂವರೆ ಗಂಟೆ ಅಂತಾರಲ್ಲ. ಆ ಅರ್ಧ ಗಂಟೆ ಯಾಕೆ? ಅಲ್ಲೇನೋ ಇದೆ."

"ನಮ್ಮ ಇಂಡಿಯಾ ಟೈಮಲ್ಲೂ ಅರ್ಧ ಗಂಟೆ ಇದೆಯಲ್ಲ ಅಂಕಲ್."

"ಅದಕ್ಕೇ ಹೇಳ್ತಿರೋದು."

ವಾರ ಕಳೆದು ಬಂದಾಗ ಸೋತವರಂತೆ ಸೋಫಾದ ತುದಿಯಲ್ಲಿ ಕುಳಿತರು. "ಬೀಗ ಇಲ್ಲಮ್ಮ," ಎಂದರು. ಮೂರು ಕಡೆಯೂ ಒಂದೇ ಉತ್ತರ ಬಂದಿತ್ತು. ಈ ರಾಜ್ಯದ ಪಟ್ಟಿ ಬೇರೆ, ಆ ರಾಜ್ಯದ ಪಟ್ಟಿ ಬೇರೆ. ಪರ್ತ್‌ನ ಆಫರ್ ಒಪ್ಪಿಕೊಂಡು, ಇಲ್ಲಿಯ ಪಟ್ಟಿಯಲ್ಲಿ ಅದನ್ನೇ ಮೊದಲಿಟ್ಟು, ಅಡಿಲೇಡ್‌ಗೂ ಅರ್ಜಿ ಹಾಕಬಹುದು. ಅಲ್ಲಿ ಸಿಕ್ಕರೆ ಇದನ್ನು ಬಿಡಬಹುದು. ಯಾರೂ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಜೀವನದಲ್ಲಿ ಮೊದಲ ಸಲ ಕೆಳಗಿನಿಂದ ಮೇಲಿನವರೆಗೆ ಓದಿಯೂ ಮೋಸ ಸಿಗದ ಬೇಸರ ಅವರಿಗಿತ್ತು. ನಿಧಿ ಮಾತ್ರ "ಥ್ಯಾಂಕ್ಯೂ ತಾತ!" ಎಂದು ಅವರ ಕುತ್ತಿಗೆಗೆ ಜೋತುಬಿದ್ದಳು.

ಅವರನ್ನು ಕಳಿಸಲು ಹೋದವಳು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು ಮೆಲ್ಲಗೆ ಹೇಳಿದೆ: "ಅಂಕಲ್, ಬೀಗ ಇದೆ ಅಂತಾನೇ ಹೇಳಿಬಿಡಿ. ಇನ್ನೊಂದು ಸಲ ಓದಿದೆ, ಆವಾಗ ಸಿಕ್ತು ಅಂತ. ನಿಮ್ಮ ಮಾತು ಕೇಳ್ತಾಳೆ."

ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು, ಇನ್ನೊಂದು ಹಾಗೇ ಉಳಿಯಿತು.

"ಇರೋ ಷರತ್ತು ಮುಚ್ಚಿಡೋದು ಮೋಸ ಕಣಮ್ಮ. ಇಲ್ಲದ ಷರತ್ತು ತೋರ್ಸೋದು ಅದಕ್ಕಿಂತ ದೊಡ್ಡ ಮೋಸ. ಹೋಗ್ಬೇಡ ಅನ್ನೋದಿದ್ರೆ ನೀನೇ ಹೋಗ್ಬೇಡ ಅನ್ನು. ರೂಲ್ ಮೇಲೆ ಹಾಕ್ಬೇಡ."

ಇನ್ನೊಂದು ಚಪ್ಪಲಿ ಮೆಟ್ಟಿ, ಕೊಡೆ ಬಿಚ್ಚಿ ಹೊರಟರು. ನನಗೆ ಕೆಂಡದಂಥ ಕೋಪ. ಆ ಕೋಪಕ್ಕೆ ನಮ್ಮನೆಯವರು ತಮಾಷೆಗೆ ತುಪ್ಪ ಸುರಿದರು: "ಅವರ ಮೊಮ್ಮಗಳು ಇಂಚರನೂ ನಿಧಿ ಕ್ಲಾಸೇ ಅಲ್ವಾ? ಅವಳೂ ಅದೇ ಸೀಟಿಗೆ ಕಾಯ್ತಿದ್ದಾಳಂತೆ. ನಮ್ಮವಳು ಅಡಿಲೇಡ್‌ಗೆ ಹೋದ್ರೆ ಒಂದು ಜಾಗ ಖಾಲಿ ಆಯ್ತಲ್ಲ." ಅವರು ನಕ್ಕು ಮರೆತರು. ನಾನು ಮರೆಯಲಿಲ್ಲ. ಎಲ್ಲ ಕಾಗದದ ಕೆಳಗೂ ಒಂದು ಸಣ್ಣಕ್ಷರದ ಸಾಲು ಇರುತ್ತದೆ ಎನ್ನುವವರ ಕೆಳಗಿನ ಸಾಲು ಯಾವುದು? ಇದೇ ಇರಬೇಕು ಎಂದು ನನಗೆ ಗಟ್ಟಿಯಾಯಿತು.

ಹತ್ತು ದಿನದ ಮೇಲೆ ಇಂಚರಳಿಗೂ ಅರ್ಲಿ ಆಫರ್ ಬಂತು. ಕೇಳಬೇಕೇ!

ಅಡಿಲೇಡ್‌ನ ಅರ್ಜಿಯನ್ನು ನಾನು ಮುಂದೆ ತಳ್ಳುತ್ತಲೇ ಹೋದೆ. ಇವತ್ತು ತಲೆನೋವು, ನಾಳೆ ಡ್ಯೂಟಿ, ಅಪ್ಪ ಬರಲಿ. ಗಡುವು ಶುಕ್ರವಾರ ಐದು ಗಂಟೆಗೆ ಮುಗಿಯುತ್ತಿತ್ತು. "ಆ ದಿನ ನೀನು ನೆಟ್‌ಬಾಲ್ ಮುಗಿಸಿ ನಾಲ್ಕಕ್ಕೆ ಮನೆಗೆ ಬಾ, ಕೂತು ಹಾಕೋಣ," ಎಂದಿದ್ದೆ. ನಿಧಿ ನಂಬಿದ್ದಳು. ಆ ಕೋರ್ಸಿಗೆ ತಡವಾದ ಅರ್ಜಿ ತೆಗೆದುಕೊಳ್ಳುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಲ್ಯಾಬಿನಲ್ಲಿ ಊಟದ ಡಬ್ಬಿ ತೆರೆಯುತ್ತಿದ್ದೆ, ಅಂಕಲ್ ಫೋನ್ ಬಂತು. ನಾವು ಮಾತು ಬಿಟ್ಟು ಮೂರು ವಾರವಾಗಿತ್ತು. ನಮ್ಮ ಅರ್ಜಿ ಇನ್ನೂ ಹೋಗಿಲ್ಲ ಎಂದು ಅವರಿಗೆ ಇಂಚರಳಿಂದ ತಿಳಿದಿರಬೇಕು.

"ಐದು ಗಂಟೆ ಅಂತಿದೆಯಲ್ಲ ಶೈಲಾ, ಅದು ಯಾರ ಐದು ಗಂಟೆ?"

ನನಗೆ ಅರ್ಥವಾಗಲಿಲ್ಲ.

"ಅಡಿಲೇಡ್‌ನವರ ಐದು ಗಂಟೆ. ಕೆಳಗಡೆ ಬರ್ದಿದ್ದಾರೆ. ನಮ್ಮ ಮೂರೂವರೆ."

"ನಿಧಿಗೆ ಹೇಳಿದ್ರಾ?"

"ಇಲ್ಲ. ನಿಂಗೆ ಹೇಳಿದ್ದೀನಿ." ಫೋನ್ ಇಟ್ಟರು.

ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ನಾಲ್ಕು ಗಂಟೆಗೆ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು, ಮುಗಿದುಹೋಗಿದೆ ಎಂದು ನೋಡಿ, ಅಯ್ಯೋ ಎನ್ನಬಹುದಿತ್ತು. ನನ್ನ ಮಗಳು ನನ್ನ ಹತ್ತಿರ ಉಳಿಯುತ್ತಿದ್ದಳು. ಯಾರ ತಪ್ಪೂ ಅಲ್ಲ, ಅಡಿಲೇಡ್‌ನ ಆ ಅರ್ಧ ಗಂಟೆಯ ತಪ್ಪು. ಆದರೆ ಆ ಮುದುಕನಿಗೆ ಗೊತ್ತು. ಬೇಕೆಂದೇ ನನಗೆ ಮಾತ್ರ ಹೇಳಿದ್ದಾರೆ. ನನ್ನನ್ನು ಮೇಲೆತ್ತಿ ತಳ ನೋಡುತ್ತಿದ್ದಾರೆ, ಅವತ್ತು ಮಗ್ಗು ನೋಡಿದ ಹಾಗೆ! ಆ ಸಿಟ್ಟಿಗೇ ಡಬ್ಬಿ ಮುಚ್ಚಿ, ಕಾರಿನ ಕೀ ತೆಗೆದುಕೊಂಡು ಶಾಲೆಗೆ ಹೋದೆ. ನಿಧಿಯನ್ನು ಕ್ಲಾಸಿನಿಂದ ಕರೆಸಿ, ಕಾರ್ ಪಾರ್ಕಿನಲ್ಲೇ ಅವಳ ಲ್ಯಾಪ್‌ಟಾಪಿಗೆ ನನ್ನ ಫೋನಿನ ಇಂಟರ್ನೆಟ್ ಕೊಟ್ಟು ಅರ್ಜಿ ತುಂಬಿಸಿದೆ. ಮೂರು ಗಂಟೆ ದಾಟಿತ್ತು. ಕಳಿಸುವ ಗುಂಡಿ ಒತ್ತಿದ ಮೇಲೆ ಅವಳು ಅಳುವುದಕ್ಕೆ ಶುರು ಮಾಡಿದಳು. ನಾನೂ ಅತ್ತೆ, ಬೇರೆ ಕಾರಣಕ್ಕೆ.

ಜನವರಿಯಲ್ಲಿ ಅಡಿಲೇಡ್‌ನಿಂದ ಸೀಟು ಬಂತು. ನಿಧಿ ಹೋದಳು. ಅದೇ ತಿಂಗಳು ಇಂಚರ ಪರ್ತ್‌ನ ಸೀಟು ಬಿಟ್ಟು ಬ್ರಿಸ್ಬೇನ್‌ಗೆ ಹೋದಳು ಎಂದು ತಿಳಿಯಿತು. ಇನ್ನೊಬ್ಬರಾಗಿದ್ದರೆ ಇಷ್ಟಕ್ಕೆ ಅನುಮಾನ ಬಿಡುತ್ತಿದ್ದರು. ನಾನು ಬಿಡಲಿಲ್ಲ, ಸ್ವಲ್ಪ ತಿರುಗಿಸಿಕೊಂಡೆ. ಓಹೋ, ಬ್ರಿಸ್ಬೇನ್‌ಗೆ ಫೋನ್ ಹೋಗಿದ್ದು ಇದಕ್ಕೋ! ನಮ್ಮ ಮಗಳನ್ನು ಮುಂದೆ ಬಿಟ್ಟು ದಾರಿ ಸರಿಯಿದೆಯೇ ಎಂದು ನೋಡಿಕೊಂಡರು. ಎಷ್ಟೇ ಅಂದರೂ ಅವರ ಮೇಲಿನ ಸಿಟ್ಟು ಪೂರ್ತಿ ಉಳಿಯಲಿಲ್ಲ. ಎರಡೂ ಮನೆಯಲ್ಲಿ ಮಕ್ಕಳಿಲ್ಲದ ಭಾನುವಾರಗಳು. ಅವರು ಕೊಡೆ ಹಿಡಿದು ಬಂದು ಕಾಫಿ ಕುಡಿದು, ಸುಮ್ಮನೆ ಕೂತು ಹೋಗುತ್ತಿದ್ದರು. ಮಗ್ಗಿನ ತಳ ನೋಡುವುದನ್ನು ಮಾತ್ರ ಬಿಡಲಿಲ್ಲ.

ಮುಂದಿನ ವರ್ಷ ಮಾಲಿನಿಗೆ ಬ್ರಿಸ್ಬೇನ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಂಕಲ್ ಕೂಡ ಹೊರಟರು. ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. ಬೋರ್ಡಿಂಗ್ ಪಾಸ್ ಕೊಡುವ ಯಂತ್ರದ ಮುಂದೆ ನಿಂತು "ಇದು ನನ್ನ ಹೆಸರು ಯಾಕೆ ಕೇಳತ್ತೆ?" ಎಂದು ಜಗಳ ತೆಗೆದಿದ್ದರು. ಮಾಲಿನಿ ಸಾಮಾನು ಹಾಕಲು ಆ ಕಡೆ ಹೋದಾಗ ನಾನು ಕೇಳಿಯೇ ಬಿಟ್ಟೆ.

"ಅಂಕಲ್, ಒಂದು ನಿಜ ಹೇಳಿ. ನಿಧಿ ವಿಷಯದಲ್ಲಿ ನೀವು ಹಾಗೆ ಹೇಳಿದ್ದು ಇಂಚರಗೋಸ್ಕರಾನಾ?"

ಬೇಜಾರಾಗುತ್ತದೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು. "ಅಂತೂ ಕೇಳಿದ್ಯಲ್ಲ! ಕೇಳದೇ ಕಳಿಸಿಬಿಡ್ತೀಯೇನೋ ಅಂದ್ಕೊಂಡಿದ್ದೆ." ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ಆದ್ರೆ ನನ್ನೊಬ್ಬನನ್ನ ಕೇಳಿ ನಂಬಿದ್ರೆ ಹೇಗಮ್ಮ? ಮೂರು ಕಡೆ ಕೇಳು. ಮೊದಲು ಬೇರೆ ಇಬ್ಬರನ್ನ ಕೇಳ್ಕೊಂಡು ಬಾ. ಕೊನೇಲಿ ನಾನು ಹೇಳ್ತೀನಿ."

ಹಾಗೆಂದು ಹೋದವರನ್ನು ಮತ್ತೆ ನೋಡಲಿಲ್ಲ. ಎರಡು ವರ್ಷದ ಮೇಲೆ ಬ್ರಿಸ್ಬೇನ್‌ನಲ್ಲಿ ತೀರಿಕೊಂಡರು. ಫೋನಿನಲ್ಲಿ ಸಮಾಧಾನ ಹೇಳುವಾಗ ಮಾಲಿನಿ ತಾನಾಗಿಯೇ ಹೇಳಿದಳು.

"ಇಂಚರ ದೂರ ಹೋಗೋದು ಅಪ್ಪಂಗೆ ಸ್ವಲ್ಪಾನೂ ಇಷ್ಟ ಇರ್ಲಿಲ್ಲ ಶೈಲಾ. ಆಫರ್ ಒಪ್ಕೊಂಡ್ರೆ ಬಿಡೋ ಹಾಗಿಲ್ಲ ಅಂತ ಒಂದು ಸುಳ್ಳು ಹೇಳಿಬಿಡಿ ಅಂದೆ. ಶೈಲಾಗೆ ಒಂದು ಹೇಳಿ ಮನೇಲಿ ಇನ್ನೊಂದು ಹೇಳ್ಲಾ ಅಂದ್ರು. ಅವಳು ಹೋದ ದಿನ ಊಟಾನೇ ಮಾಡ್ಲಿಲ್ಲ."

ಇದು ಒಂದನೆಯ ಉತ್ತರ. ಎರಡನೆಯದು ನಿಧಿಯದು. ಸುದ್ದಿ ಕೇಳಿ ಅಡಿಲೇಡ್‌ನಿಂದ ಅಳುತ್ತಾ ಫೋನ್ ಮಾಡಿದ್ದಳು. ಅವತ್ತು ಬೀಗ ಇಲ್ಲವೆಂದು ಹೇಳಲು ಬಂದ ದಿನ, ನಾನು ಅಡುಗೆ ಮನೆಯಲ್ಲಿ ಕಾಫಿ ಮಾಡುವಾಗ ಅವರು ಅವಳಿಗೆ ಒಂದು ಮಾತು ಹೇಳಿದ್ದರಂತೆ. ನನ್ನ ಮಗಳು ಅದನ್ನು ಮಾತ್ರ ಕನ್ನಡದಲ್ಲೇ ಹೇಳಿದಳು. "ಹೋಗ್ಬಹುದು ಅಂತ ಹೇಳಿದ್ದೀನಿ ಪುಟ್ಟಾ, ಹೋಗು ಅಂತ ಹೇಳಿಲ್ಲ. ಅಮ್ಮ ಒಬ್ಬಳೇ ಆಗ್ತಾಳೆ."

ಎರಡೂ ಉತ್ತರ ಒಂದೇ ಆಗಿವೆ: ಇಂಚರಗೋಸ್ಕರ ಅಲ್ಲ. ಇಂಚರಳನ್ನು ಕೇಳಿದರೆ ಮೂರಾಗುವುದಿಲ್ಲವೇ ಎನ್ನುತ್ತಾರೆ ನಮ್ಮನೆಯವರು. ಆಗುವುದಿಲ್ಲ. ಅವಳು ಅದೇ ಮನೆಯ ಮಗು. ಒಂದೇ ಕೈಯಿಂದ ತೆಗೆದ ರಕ್ತವನ್ನು ಎರಡು ಕೊಳವೆಗೆ ಹಾಕಿದರೆ ಲ್ಯಾಬಿನಲ್ಲಿ ಎರಡು ಸಾಕ್ಷಿ ಎನ್ನುವುದಿಲ್ಲ. ಮೂರನೆಯ ಉತ್ತರ ಕೊಡುತ್ತೇನೆಂದು ಹೇಳಿಹೋದವರು ಅವರೊಬ್ಬರೇ. ಹಾಗಾಗಿ ನಾಗೇಂದ್ರ ಅಂಕಲ್ ಮೇಲಿನ ನನ್ನ ಅನುಮಾನ, ಅವರದೇ ರೂಲಿನ ಪ್ರಕಾರ, ಇನ್ನೂ ತೀರಿಲ್ಲ. ತೀರುವುದು ನನಗೆ ಬೇಕಾಗಿಯೂ ಇಲ್ಲ. ಅವರ ಜೊತೆ ನನಗೆ ಉಳಿದಿರುವುದು ಅದೊಂದೇ ಮಾತು.